ಚಿಗುರು ಕಾಲದ ಕಾವಲು

ಫೆಬ್ರವರಿ ೬, ಗುರುವಾರ

ಕಚೇರಿಯ ಮುಂದಿನ ಹೊಂಗೆಮರ ಎಲೆ ಉದುರಿಸಲು ಶುರು ಮಾಡಿದೆ. 'ಚಳಿ ಓಯ್ತು ಸಾ, ಇನ್ನ ಚೆಂದಾಕಿರ್ತದೆ' ಎಂದ ಜೀಪಿನ ಡ್ರೈವರ್ ಮಂಚಯ್ಯ. ನಾನು ಹೂಂ ಎಂದೆ.

ಎಲ್ಲರೂ ಕಾಯುವ ಕಾಲಕ್ಕೆ ನಾನು ಹೆದರುತ್ತೇನೆ. ಮಗಳು ನಿಸರ್ಗ ಹುಟ್ಟಿದ ವರ್ಷ, ಮಾವು ಹೂವಾಗಿದ್ದಾಗ, ಹೆಂಡತಿ ಆಶಾಳಿಗೆ ಈ ಕಾಯಿಲೆ ಮೊದಲ ಸಲ ಬಂದದ್ದು. ಬಾಣಂತಿ ಸನ್ನಿ ಎಂದರು ಅರಕಲಗೂಡಿನ ಅವಳ ತವರಿನವರು. ಮರುವರ್ಷ ಬಾಣಂತಿಯಲ್ಲದಿದ್ದರೂ ಬಂತು. ಹಾಸನದ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಈ ಕಾಯಿಲೆಯಲ್ಲಿ ಮನಸ್ಸು ಒಂದು ಕಾಲಕ್ಕೆ ಪಾತಾಳಕ್ಕೆ ಇಳಿಯುತ್ತದೆ, ಒಂದು ಕಾಲಕ್ಕೆ ಹಿಡಿಯಲಾರದಷ್ಟು ಏರುತ್ತದೆ. ಕೆಲವರಿಗೆ ಏರುವುದು ಚಳಿ ಮುಗಿದ ಮೇಲೆ. ಆಶಾಳಿಗೆ ಮೊದಲು ನಿದ್ದೆ ಹೋಗುತ್ತದೆ. ಆಮೇಲೆ ಊಟ ಮರೆಯುತ್ತಾಳೆ, ಮಾತು ನಿಲ್ಲುವುದಿಲ್ಲ, ಮನೆಯ ಸಾಮಾನನ್ನು ಕಂಡವರಿಗೆಲ್ಲ ಕೊಡುತ್ತಾಳೆ. ಆಮೇಲೆ ಮನೆ ಬಿಟ್ಟು ಹೊರಡುತ್ತಾಳೆ.

ಹೋದ ವರ್ಷ ಚನ್ನರಾಯಪಟ್ಟಣದ ಬಸ್ಸು ಹತ್ತಿ ಶ್ರವಣಬೆಳಗೊಳಕ್ಕೆ ಹೋಗಿದ್ದಳು. ಬೆಟ್ಟ ಹತ್ತಿ, ಬಂದ ಯಾತ್ರಿಕರನ್ನೆಲ್ಲ ಮಗಳ ಮದುವೆಗೆ ಕರೆದಿದ್ದಳು. ನಾವು ಹುಡುಕಿ ಹೋಗುವ ಹೊತ್ತಿಗೆ ಅಂಗಾಲಿನ ಚರ್ಮ ಸುಲಿದು ಹೋಗಿತ್ತು, ಅವಳು ನಗುತ್ತಿದ್ದಳು. ರಾಜಸ್ಥಾನದ ಒಂದು ಕುಟುಂಬ ಜೂನ್‌ನಲ್ಲಿ ಫೋನ್ ಮಾಡಿ, ಮುಹೂರ್ತ ಯಾವತ್ತು ಎಂದು ಕೇಳಿತು. ಆಗ ಆಶಾ ಗೋಡೆಯ ಕಡೆ ತಿರುಗಿ ಮಲಗಿ ವಾರವಾಗಿತ್ತು.

ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಬರೆಯುತ್ತಿದ್ದೇನೆ. ಈ ವರ್ಷ ಬಿಡುವುದಿಲ್ಲ. ಮೊದಲ ಗುರುತು ಕಂಡಲ್ಲೇ ಹಿಡಿಯುತ್ತೇನೆ.

ಫೆಬ್ರವರಿ ೧೩, ಗುರುವಾರ

ಹಳ್ಳಿಮೈಸೂರಿನ ಹತ್ತಿರ ಹುಚ್ಚಯ್ಯನ ಮಾವಿನ ತೋಟಕ್ಕೆ ಹೋಗಿದ್ದೆ. ನಮ್ಮ ತೋಟಗಾರಿಕೆ ಇಲಾಖೆಯವರಿಗೆ ಇದು ಬಿಡುವಿಲ್ಲದ ತಿಂಗಳು. ಎಲ್ಲರ ತೋಟದಲ್ಲೂ ಹೂವು, ಎಲ್ಲರಿಗೂ ಜಿಗಿಹುಳುವಿನ ಚಿಂತೆ.

'ಇಂಗ್ ಊ ಬುಟ್ಟಿದ್ದು ನಾನ್ ಕಂಡೇ ಇಲ್ಲ ಸಾ. ಎಲೆನೇ ಕಾಣಾಕಿಲ್ಲ ನೋಡಿ' ಎಂದ ಹುಚ್ಚಯ್ಯ. ನಿಜವೇ. ಮರದ ಕೆಳಗೆ ನಿಂತೇ ಮನೆಗೆ ಫೋನ್ ಮಾಡಿದೆ.

'ಏನ್ರೀ, ಈಗಿನ್ನೂ ಮಾಡಿದ್ರಲ್ಲ?' ಎಂದಳು ಆಶಾ. 'ಎಲ್ಲೂ ಹೋಗಿಲ್ಲ. ಸೊಪ್ಪು ಸೋಸ್ತಾ ಕೂತಿದೀನಿ.'

ದನಿ ಸಮವಾಗಿತ್ತು. ಏರಿರಲಿಲ್ಲ. ಮನಸ್ಸಿಗೆ ಸ್ವಲ್ಪ ಸಮಾಧಾನ.

ನಿಸರ್ಗಳದ್ದು ಇನ್ನೊಂದು ರಗಳೆ. ಜನವರಿಯೆಲ್ಲ ಮುಸುಕು ಹಾಕಿಕೊಂಡು ಮಲಗಿದವಳು ಇನ್ನೂ ಸರಿಯಾಗಿ ಎದ್ದಿಲ್ಲ. ಹಾಸನದಲ್ಲಿ ಬಿ.ಎಸ್ಸಿ. ಓದು, ಹೊಳೆನರಸೀಪುರದಿಂದ ಬೆಳಗಿನ ರೈಲಿಗೆ ಹೋಗಿ ಸಂಜೆ ಬರಬೇಕು. ಒಂದು ಟೆಸ್ಟಿಗೆ ಹೋಗಲೇ ಇಲ್ಲವಂತೆ. ಯಾಕಮ್ಮ ಎಂದರೆ, 'ಸುಮ್ನೆ, ಎಲ್ಲಾ ಸಾಕಾಗಿತ್ತಪ್ಪ' ಎಂದಳು. ಈ ವಯಸ್ಸಿನವರಿಗೆ ಎಲ್ಲವೂ ಬೇಗ ಸಾಕಾಗುತ್ತದೆ. ಚಳಿ, ಓಡಾಟ ಬೇರೆ. ಅವಳನ್ನು ವಿಚಾರಿಸಲು ನನಗೆ ಪುರುಸೊತ್ತೂ ಇಲ್ಲ.

ಫೆಬ್ರವರಿ ೨೭, ಗುರುವಾರ

ನಿನ್ನೆ ಶಿವರಾತ್ರಿ. ಜಾಗರಣೆ ಎಂದರೆ ನನಗೆ ಪ್ರಾಣಸಂಕಟ, ಒಂದು ರಾತ್ರಿಯ ನಿದ್ದೆ ಕೆಟ್ಟರೂ ಆಶಾಳಿಗೆ ಆಗುವುದಿಲ್ಲ. ಅವಳಿಗೆ ಬೇಗ ಊಟ ಬಡಿಸಿ, ಮಾತ್ರೆ ಕೊಟ್ಟು ಮಲಗಿಸಿದೆ. ಬೆಳಗಿನವರೆಗೆ ಅಲುಗಾಡಲಿಲ್ಲ. ದೊಡ್ಡ ಗಂಡಾಂತರ ದಾಟಿದ ಹಾಗಾಯಿತು.

ಪಕ್ಕದ ಮನೆಯ ಗೋದಮ್ಮನವರ ಜೊತೆ ನಿಸರ್ಗ ದೇವಸ್ಥಾನಕ್ಕೆ ಹೋಗಿದ್ದಳು. ಬೆಳಿಗ್ಗೆ ಬಂದವಳು ಮಲಗಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಪಡಸಾಲೆ, ಹಿತ್ತಿಲು, ಮೆಟ್ಟಿಲು ಎಲ್ಲ ತೊಳೆದಳು. 'ನಿಮ್ಮ ಮಗಳು ರಾತ್ರಿಯೆಲ್ಲ ಭಜನೆ ಹೇಳಿಸಿದ್ದೇ ಹೇಳಿಸಿದ್ದು. ನಾವೆಲ್ಲ ತೂಕಡಿಸಿದ್ರೂ ಅವಳು ಬಿಡಲಿಲ್ಲ' ಎಂದು ಗೋದಮ್ಮನವರು ಕಾಂಪೌಂಡಿನ ಆ ಕಡೆಯಿಂದ ಹೇಳಿದರು.

ಅಂತೂ ಮೈಚಳಿ ಬಿಟ್ಟಿತು ಹುಡುಗಿಗೆ. ಮನೆಯಲ್ಲಿ ಒಬ್ಬರಾದರೂ ನಗುತ್ತಿದ್ದರೆ ಎಷ್ಟು ವ್ಯತ್ಯಾಸ.

ಮಾರ್ಚ್ ೯, ಭಾನುವಾರ

ಕೊನೆಗೂ ಕಂಡಿತು.

ಬೆಳಿಗ್ಗೆ ಆಶಾ ಹಿತ್ತಿಲಲ್ಲಿ ದಾಸವಾಳ ಬಿಡಿಸುತ್ತ ಹಾಡುತ್ತಿದ್ದಳು. ಗಟ್ಟಿಯಾಗಿ ಅಲ್ಲ, ಗುನುಗುತ್ತಿದ್ದಳು. ಹೋದ ವರ್ಷವೂ ಹಾಡಿನಿಂದಲೇ ಶುರುವಾದದ್ದು. ನಾನು ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದೆ. ಒಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ, ಹಾಡುತ್ತಿದ್ದಾಳೆ, ಮಾತೂ ಜಾಸ್ತಿಯಾಗಿದೆ ಎಂದೆ. ಮಾತು ಜಾಸ್ತಿಯಾಗಿರಲಿಲ್ಲ. ಆದರೆ ಆಗುವ ತನಕ ಕಾಯುವುದು ನನ್ನಿಂದಾಗದು. ಮಾತ್ರೆ ಸ್ವಲ್ಪ ಹೆಚ್ಚಿಸಿ, ಮುಂದಿನ ವಾರ ರಕ್ತಪರೀಕ್ಷೆ ಮಾಡಿಸಿ ಎಂದರು.

ಅಂಗೈಯಲ್ಲಿ ಮಾತ್ರೆ ನೋಡಿ ಆಶಾ ಕೇಳಿದಳು, 'ಇದ್ಯಾಕ್ರೀ, ಒಂದು ಜಾಸ್ತಿ ಇದೆ?'

'ಡಾಕ್ಟರು ಹೇಳಿದ್ರು.'

'ನೀವೇನು ಹೇಳಿದ್ರಿ ಅವರಿಗೆ?'

ನಾನು ನೀರಿನ ಲೋಟ ಮುಂದೆ ಹಿಡಿದೆ. ನುಂಗಿದಳು. ಲೋಟ ವಾಪಸು ಕೊಡುತ್ತ, 'ಒಂದು ಹಾಡು ಹೇಳಿದ್ದಕ್ಕೆ' ಎಂದಳು. ಅಷ್ಟೇ.

ನಿಸರ್ಗ ನನ್ನ ಬೆನ್ನಿಗಿದ್ದಾಳೆ. 'ನೀನು ಡ್ಯೂಟಿಗೆ ಹೋಗಪ್ಪ, ಅಮ್ಮನ್ನ ನಾನು ನೋಡ್ಕೋತೀನಿ, ಓದೋದೂ ನೋಡ್ಕೋತೀನಿ, ಅಡಿಗೆನೂ ನಾನೇ ಮಾಡ್ತೀನಿ, ಈಗ ಎಲ್ಲಾ ಎಷ್ಟು ಸುಲಭ ಅನಿಸ್ತಿದೆ ಗೊತ್ತಾ' ಎಂದಳು, ಒಂದೇ ಉಸಿರಿಗೆ.

ಮಾರ್ಚ್ ೧೭, ಸೋಮವಾರ

ಆಶಾಳ ಕೈ ನಡುಗುತ್ತಿದೆ. ಕಾಫಿ ಚೆಲ್ಲಿಕೊಂಡಳು. ಹಾಡಿಲ್ಲ. ಒಳ್ಳೆಯದು.

ಮಾರ್ಚ್ ೨೨, ಶನಿವಾರ

ಹಬ್ಬಕ್ಕೆಂದು ಊರಿನಿಂದ ಅವ್ವ ಬಂದಿದ್ದಾಳೆ. ನನ್ನ ತಮ್ಮನ ಮನೆ ಬಿಟ್ಟು ಒಂದು ದಿನವೂ ಬರದವಳು, ಈ ಸಲ ತಾನಾಗಿ ಬಂದಳು. ನನ್ನ ಮುಖ ಸೊರಗಿದೆಯಂತೆ.

ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಯ ಆ ಚರಂಡಿಯಿಂದ ಈ ಚರಂಡಿಯವರೆಗೆ ರಂಗೋಲಿ! ನಿಸರ್ಗ ಇನ್ನೂ ಕತ್ತಲಿರುವಾಗಲೇ ಎದ್ದು ಹಾಕಿದ್ದಾಳೆ. ಹಾಲಿನವನು ಸೈಕಲ್ ಇಳಿದು, ದಾರಿಯಿಲ್ಲದೆ ನಿಂತಿದ್ದ. ಬೀದಿಯ ಹೆಂಗಸರೆಲ್ಲ ಬಂದು ಹೊಗಳಿದರು. ನನಗೂ ಹೆಮ್ಮೆಯಾಯಿತು. ಮಧ್ಯಾಹ್ನ ಅವಳು ಇನ್ನೊಂದು ವಿಚಾರ ತೆಗೆದಳು. ಹೊಳೆನರಸೀಪುರದಿಂದ ಹಾಸನದವರೆಗೆ ರೈಲು ಹಳಿಯ ಎರಡೂ ಕಡೆ ಸಸಿ ನೆಡಬೇಕಂತೆ. 'ನಿಮ್ಮ ನರ್ಸರಿಯಿಂದ ಎಷ್ಟು ಸಸಿ ಕೊಡ್ತೀಯಪ್ಪ? ರೈಲಲ್ಲಿ ಎಲ್ಲರಿಗೂ ಹೇಳಿದೀನಿ, ಎಲ್ಲರೂ ಬರ್ತಾರೆ.' ಅವಳ ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು. ಓದು ಮುಗಿಯಲಿ ನೋಡೋಣ ಎಂದೆ. ನನ್ನ ಮಗಳಿಗೂ ಗಿಡಮರದ ಹುಚ್ಚು ಹಿಡಿಯಿತಲ್ಲ ಎಂದು ಒಳಗೊಳಗೇ ಖುಷಿ.

ಸಂಜೆ ಅವ್ವ ಜಗಲಿಯಲ್ಲಿ ಕೂತು ಕೇಳಿದಳು, 'ಮಗು ಊಟನೇ ಮಾಡಾಕಿಲ್ವಲ್ಲೋ ರವಿ? ಅದ್ರ ಕಣ್ಣ ನೋಡಿದ್ಯೇನ್ಲಾ?'

'ಪರೀಕ್ಷೆ ಹತ್ತಿರ ಬಂತಲ್ಲವ್ವ.'

'ಪರೀಕ್ಷೆ ಕಣ್ಣಲ್ಲ ಕಣ್ಲಾ ಅದು.'

ಅವ್ವನಿಗೆ ಈಗ ಎಲ್ಲದಕ್ಕೂ ಗಾಬರಿ. ನಾನು ಒಳಗೆದ್ದು ಬಂದೆ, ಆಶಾಳ ಮಾತ್ರೆಯ ಹೊತ್ತಾಗಿತ್ತು.

ಮಾರ್ಚ್ ೨೬, ಬುಧವಾರ

ಬರೆಯುವುದಕ್ಕೇ ಬೇಸರವಾಗುತ್ತಿದೆ.

ಬೆಳಿಗ್ಗೆ ನಾನು ಶೂ ಹಾಕಿಕೊಳ್ಳುವಾಗ ಆಶಾ ಬಂದು ಎದುರಿಗೆ ನಿಂತಳು. ಗೋಡೆ ಹಿಡಿದುಕೊಂಡಿದ್ದಳು. 'ರೀ, ನಿಸರ್ಗ ನಿದ್ದೆ ಮಾಡ್ತಿಲ್ಲ' ಎಂದಳು.

'ಓದ್ತಾಳೆ.'

'ಓದ್ತಿಲ್ಲ. ನಾನು ನೋಡಿದೀನಿ. ಅವಳನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋಣ. ನಂಗೆ ಗೊತ್ತಾಗ್ತದೆ ಕಣ್ರೀ, ನಿಮಗಿಂತ ನಂಗೆ ಗೊತ್ತಾಗ್ತದೆ.'

ಎಷ್ಟು ದಿನದಿಂದ ತಡೆದುಕೊಂಡಿದ್ದೆನೋ, ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ನೆಟ್ಟಗಿರುವುದು ಅವಳೊಬ್ಬಳೇ, ಅವಳ ತಲೆಗೂ ಇದನ್ನು ಕಟ್ಟಬೇಡ ಎಂದು ಕೂಗಿದೆ. ಆಶಾ ಅಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಹೀಗೆ ದಿಟ್ಟಿಸುವುದೂ ಒಂದು ಗುರುತೇ ಇರಬಹುದು. ಕಚೇರಿಯಿಂದ ಡಾಕ್ಟರಿಗೆ ಫೋನ್ ಮಾಡಿ, ಈ ಸಲ ಮಗಳ ಮೇಲೆ ಅನುಮಾನ ಪಡುತ್ತಿದ್ದಾಳೆ ಎಂದೆ. ಹಬ್ಬ ಮುಗಿಸಿ ಕರೆತನ್ನಿ ಎಂದರು.

ಇವತ್ತಿನಿಂದ ನಾನು ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕುತ್ತಿದ್ದೇನೆ. ಒಳಗೆ ಅವ್ವ ಜೊತೆಗಿರುತ್ತಾಳೆ. 'ನನ್ನೂ ಕೂಡಾಕ್ಬುಟ್ಟು ಓಯ್ತೀಯೇನ್ಲಾ?' ಎಂದಳು ಅವ್ವ ಕಿಟಕಿಯಿಂದ. ಇನ್ನೊಂದು ಬೀಗದ ಕೈ ನಿಸರ್ಗಳ ಹತ್ತಿರ.

ಮಾರ್ಚ್ ೩೦, ಯುಗಾದಿ

ಮಾವಿನ ತೋರಣ ಕಟ್ಟಿ ಏಣಿ ಇಳಿಯುವ ಹೊತ್ತಿಗೆ ಜನ ಬರತೊಡಗಿದರು. ಗುರುತಿಲ್ಲದ ಮುಖಗಳು. ಒಬ್ಬ ಟಿ.ಸಿ., ಕಡಲೆಕಾಯಿ ಮಾರುವ ಹೆಂಗಸು, ಅವಳ ಮಕ್ಕಳು, ಹಾಸನದ ಯಾವುದೋ ಅಂಗಡಿಯ ಹುಡುಗಿಯರು. ಎಲ್ಲರೂ ರೈಲಿನವರು. ನಿಸರ್ಗ ಹಬ್ಬದೂಟಕ್ಕೆ ಕರೆದಿದ್ದಳಂತೆ. ಮಾಡಿದ ಒಬ್ಬಟ್ಟು ಯಾರಿಗೂ ಸಾಲಲಿಲ್ಲ. ಅವ್ವ ಮತ್ತೆ ಅನ್ನಕ್ಕಿಟ್ಟಳು. ನಿಸರ್ಗ ಎಲ್ಲರ ನಡುವೆ ಓಡಾಡುತ್ತ, ಒಬ್ಬೊಬ್ಬರ ಕೈಗೂ ಬೇವುಬೆಲ್ಲ ಹಾಕುತ್ತ, ಒಂದು ಮಾತು ಮುಗಿಸುವ ಮೊದಲು ಇನ್ನೊಂದಕ್ಕೆ ಹಾರುತ್ತಿದ್ದಳು. ಎಷ್ಟು ಚೆಂದ ಕಾಣುತ್ತಿದ್ದಳು! ಹಾಗೆ ಹೊಳೆಯುವುದನ್ನು ನಾನು ಕಂಡೇ ಇರಲಿಲ್ಲ. ಮಗಳಲ್ಲಿ ಕಂಡಿರಲಿಲ್ಲ, ಎಂದು ಬರೆಯಬೇಕು.

ಹೋಗುವಾಗ ಕಡಲೆಕಾಯಿಯವಳ ಕೈಯಲ್ಲಿ ಆಶಾಳ ಧಾರೆ ಸೀರೆ ಇತ್ತು. 'ಅಕ್ಕೋರೇ ಕೊಟ್ರು, ನಾ ಬ್ಯಾಡ ಅಂದೆ ಸಾ' ಎಂದು ಅವಳೇ ವಾಪಸು ಕೊಟ್ಟಳು. ನಿಸರ್ಗಳನ್ನು ಬೈಯಲು ಮನಸ್ಸಾಗಲಿಲ್ಲ. ಚಿಕ್ಕ ವಯಸ್ಸು, ಧಾರಾಳ ಮನಸ್ಸು.

ಆಶಾ ಹಬ್ಬದ ದಿನವಿಡೀ ಅಡಿಗೆಮನೆಯ ಮೂಲೆಯಲ್ಲಿ ಕೂತಿದ್ದಳು, ಮಗಳು ಹೋದ ಕಡೆಯೆಲ್ಲ ಕಣ್ಣು ಹಾಯಿಸುತ್ತ.

ಯಾಕೋ ಮೈಯಲ್ಲಿ ಸರಿಯಿಲ್ಲ. ಬಿಸಿಲಿಗೆ ಇರಬೇಕು.

ಏಪ್ರಿಲ್ ೫, ಶನಿವಾರ

ನಿನ್ನೆಯದನ್ನು ಬರೆಯಬೇಕು. ಹಾಸನದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೇನೆ.

ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ರೈಲ್ವೆ ಕೆಲಸದವನು. 'ನಿಮ್ ಮಗಳೇನ್ರೀ ನಿಸರ್ಗ ಅಂದ್ರೆ? ಬೇಗ ಬನ್ನಿ ಸಾ, ಹಳಿ ಮೇಲಿಂದ ಎಬ್ಬಿಸಕ್ಕೆ ಆಯ್ತಿಲ್ಲ' ಎಂದ. ಮಂಚಯ್ಯ ಜೀಪು ಓಡಿಸಿದ. ದಾರಿಯುದ್ದಕ್ಕೂ ನಾನು ಬೇರೆ ಯಾರದೋ ಮಗಳಿರಬೇಕು, ಹೆಸರು ತಪ್ಪಿರಬೇಕು ಎಂದುಕೊಳ್ಳುತ್ತಿದ್ದೆ.

ಊರಿನ ಆಚೆ, ಮಾವಿನಕೆರೆಯ ಕಡೆ, ಜಲ್ಲಿಯ ಮೇಲೆ ಕೂತಿದ್ದಳು. ಬರಿಗಾಲು. ಬೆಳಗಿನಿಂದ ಬಿಸಿಲಿನಲ್ಲಿ ಕೈಯಿಂದಲೇ ನೆಲ ಕೆದಕಿ, ಎಲ್ಲಿಂದಲೋ ಕಿತ್ತು ತಂದ ಟೊಂಗೆಗಳನ್ನು ನೆಟ್ಟಿದ್ದಳು. ಬೇರಿಲ್ಲದ ಟೊಂಗೆಗಳು. ಎಲ್ಲ ಬಾಡಿ ಬಿದ್ದಿದ್ದವು. ಉಗುರಿನಲ್ಲಿ ರಕ್ತ. ರೈಲನ್ನು ಹಿಂದಿನ ಸ್ಟೇಷನ್ನಿನಲ್ಲೇ ನಿಲ್ಲಿಸಿದ್ದರು.

'ಬಾಮ್ಮ, ಮನೆಗೆ ಹೋಗೋಣ' ಎಂದು ತೋಳು ಹಿಡಿದೆ. ತಿರುಗಿ ನೋಡಿದಳು. ಅವಳಿಗೆ ನನ್ನ ಗುರುತಿತ್ತು, ಅದನ್ನೇ ನನಗೆ ತಡೆಯಲಾಗುತ್ತಿಲ್ಲ. 'ನೀನು ಎಲ್ಲಾರಿಗೂ ಬೀಗ ಹಾಕೋನು! ನನ್ನ ಮುಟ್ಟಬೇಡ!' ಎಂದು ಕೂಗಿ ಕೈ ಕಚ್ಚಿದಳು. ಮಂಚಯ್ಯನೂ ರೈಲ್ವೆಯವನೂ ಹಿಡಿಯಲು ಹೋದರೆ ಹಳಿಗೆ ತಲೆ ಚಚ್ಚಿಕೊಳ್ಳತೊಡಗಿದಳು. ಎಲ್ಲರೂ ಹಿಂದೆ ಸರಿದೆವು.

ಇಪ್ಪತ್ತು ವರ್ಷ ನೋಡಿದವನು ನಾನು. ನನಗೆ ಏನು ಮಾಡಬೇಕೋ ತೋಚಲಿಲ್ಲ.

ರೈಲ್ವೆಯವನನ್ನು ಅಲ್ಲೇ ಕಾವಲಿಗೆ ಬಿಟ್ಟು, ಜೀಪು ತಿರುಗಿಸಿ ಮನೆಗೆ ಬಂದು ಬೀಗ ತೆಗೆದೆ. ನಾನು ಬಾಯಿ ಬಿಡುವ ಮುಂಚೆಯೇ ಆಶಾ ಚಪ್ಪಲಿ ಮೆಟ್ಟಿಕೊಂಡಳು.

ಅವಳು ಮಗಳನ್ನು ಮುಟ್ಟಲಿಲ್ಲ. ಪಕ್ಕದಲ್ಲಿ, ಜಲ್ಲಿಯ ಮೇಲೆ, ನಡುಗುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತುಂಬ ಹೊತ್ತು ಇಬ್ಬರೂ ಆ ಟೊಂಗೆಗಳನ್ನೇ ನೋಡುತ್ತಿದ್ದರು.

'ಎಲ್ಲಾ ಎಷ್ಟು ಚೆನ್ನಾಗಿ ಕಾಣ್ತದೆ ಅಲ್ವಾ?' ಎಂದಳು ಆಶಾ.

ನಿಸರ್ಗ ಥಟ್ಟನೆ ಅವಳ ಕಡೆ ತಿರುಗಿದಳು. 'ನಿಂಗೂ ಹಿಂಗೇ ಕಾಣ್ತಿತ್ತಾ ಅಮ್ಮ?'

'ಕಾಣ್ತಿತ್ತು.'

'ಯಾರಿಗೆ ಹೇಳಿದ್ರೂ ಗೊತ್ತಾಗಲ್ಲ ಅಮ್ಮ. ಎಲ್ಲಾ ಮಾತಾಡ್ತವೆ. ಎಲೆ, ಕಲ್ಲು, ಎಲ್ಲಾ ನನ್ನೇ ಕರೀತವೆ.'

'ಗೊತ್ತು ಮಗಾ. ನನ್ನೂ ಕರೀತಿದ್ವು.' ಆಶಾ ಸೆರಗಿನಿಂದ ಅವಳ ಹಣೆಯ ರಕ್ತ ಒರೆಸಿದಳು. 'ನಿಂಗೆ ತುಂಬ ಸುಸ್ತಾಗಿದೆ. ಅದು ನಿಂಗೆ ಗೊತ್ತಾಗ್ತಿಲ್ಲ. ಬಾ, ನನ್ನ ಜೊತೆ ಮಲಗು.'

ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಬಂದಳು. ಹಾಸನದವರೆಗೂ ಮಾತು ನಿಲ್ಲಲಿಲ್ಲ. ಆಶಾ ಹೂಂ, ಹೂಂ ಎನ್ನುತ್ತಲೇ ಇದ್ದಳು. ನಾನು ಮುಂದೆ ಕೂತು ರಸ್ತೆ ನೋಡುತ್ತಿದ್ದೆ.

ಏಪ್ರಿಲ್ ೯, ಬುಧವಾರ

ಅದೇ ಕಾಯಿಲೆ. ಡಾಕ್ಟರು ಮೆತ್ತಗೆ ಹೇಳಿದರು. ತಾಯಿಗಿದ್ದರೆ ಮಕ್ಕಳಿಗೆ ಬಂದೇ ಬರಬೇಕೆಂದಿಲ್ಲ, ಆದರೆ ಬರಬಹುದು. ಜನವರಿಯಲ್ಲಿ ಮಲಗಿದ್ದೂ ಅದೇ ಇರಬಹುದು. ಮಾತ್ರೆ ತಪ್ಪಿಸದಿದ್ದರೆ ಓದಿ, ಕೆಲಸ ಮಾಡಿ, ಚೆನ್ನಾಗಿ ಬಾಳಿದವರು ಬಹಳ ಜನ ಇದ್ದಾರೆ ಎಂದರು. ಇರಬಹುದು. ನಾನು ನೋಡಿದ್ದು ಒಂದೇ ಬಾಳನ್ನು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಆಶಾ, 'ನನ್ನಿಂದ ಬಂತು ಅವಳಿಗೆ' ಎಂದಳು. ಅಲ್ಲ ಎನ್ನಬೇಕಿತ್ತು. ಅಂದು ನಾನು ಶೂ ಹಾಕಿಕೊಳ್ಳುವಾಗ ಹೇಳಿದ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತೇನೋ.

ಏಪ್ರಿಲ್ ೧೬, ಬುಧವಾರ

ಆಶಾಳ ಹೆಚ್ಚಿನ ಮಾತ್ರೆ ನಿಲ್ಲಿಸಿದರು. ಅದು ಬೇಕೇ ಇರಲಿಲ್ಲವಂತೆ. ಈ ವರ್ಷ ಅವಳಿಗೆ ಏನೂ ಆಗಿಲ್ಲ.

ಸಂಜೆ ಆಲಿಕಲ್ಲು ಮಳೆ. ಹುಚ್ಚಯ್ಯ ಫೋನ್ ಮಾಡಿ, ಎಳೆ ಮಾವಿನಕಾಯಿಯೆಲ್ಲ ನೆಲ ಕಂಡಿತು ಎಂದ. ನಾಳೆ ಬರುತ್ತೇನೆ ಎಂದೆ. ಹೋಗುವುದಿಲ್ಲ. ಆ ಮರಗಳ ಕೆಳಗೆ ನಿಂತು ಏನು ಹೇಳಲಿ?

ಅವ್ವ ಊರಿಗೆ ಹೋಗುವುದಿಲ್ಲ ಎಂದು ಕೂತಿದ್ದಾಳೆ. ಬೀಗ ಎಲ್ಲಿಟ್ಟೆನೋ ನೆನಪಿಲ್ಲ.

ಏಪ್ರಿಲ್ ೨೭, ಭಾನುವಾರ

ನಿಸರ್ಗಳನ್ನು ಮನೆಗೆ ಕರೆತಂದು ಮೂರು ದಿನವಾಯಿತು. ಮುಖ ಊದಿದೆ. ಹೆಜ್ಜೆ ನಿಧಾನ. ಕರೆದರೆ ಸ್ವಲ್ಪ ಹೊತ್ತು ಬಿಟ್ಟು ತಿರುಗುತ್ತಾಳೆ. ಈ ವರ್ಷದ ಪರೀಕ್ಷೆ ಹೋಯಿತು. ಗೋದಮ್ಮನವರು ಬಂದು, ದೃಷ್ಟಿಯಾಗಿರಬೇಕು ಎಂದು ಹೇಳಿ ಹೋದರು. ಬೀದಿಯವರು ಕೇಳಿದರೆ ಜ್ವರ ಎನ್ನುತ್ತೇವೆ. ಇಪ್ಪತ್ತು ವರ್ಷದಿಂದ ಹೇಳಿದ್ದೂ ಅದನ್ನೇ.

ರಾತ್ರಿ ಯಾರು ಎಚ್ಚರವಿರಬೇಕೆಂದು ಈಗ ಆಶಾಳೇ ಹೇಳುತ್ತಾಳೆ. 'ನೀವು ಮಲಗಿ, ನಿಮಗೆ ಗುರುತು ಸಿಕ್ಕಲ್ಲ' ಎನ್ನುತ್ತಾಳೆ. ಬೈದು ಹೇಳುವುದಲ್ಲ. ನಾನು ಮಲಗುತ್ತೇನೆ. ವಿಚಿತ್ರವೆಂದರೆ ನಿದ್ದೆಯೂ ಬರುತ್ತದೆ.

ಇವತ್ತು ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ಆಶಾ ಮಗಳ ತಲೆ ಬಾಚುತ್ತಿದ್ದಳು. ಆಸ್ಪತ್ರೆಯಲ್ಲಿ ಕೂದಲೆಲ್ಲ ಗಂಟಾಗಿತ್ತು. ನಾನು ಪಕ್ಕದಲ್ಲಿ ಕೂತೆ. ಒಂದು ಕೋಗಿಲೆ ಬಿಡದೆ ಕೂಗುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

'ಅಪ್ಪ' ಎಂದಳು ನಿಸರ್ಗ. ನಾಲಿಗೆ ತೊದಲುತ್ತಿತ್ತು. 'ಆಗ ನಾನು ಖುಷಿಯಾಗಿದ್ನಲ್ಲ. ಅದೂ ಸುಳ್ಳಾ?'

ನಾನು ಆಶಾಳನ್ನು ನೋಡಿದೆ.

'ಸುಳ್ಳಲ್ಲ ಮಗಾ. ಆದ್ರೆ ಅದನ್ನ ನಂಬಂಗಿಲ್ಲ' ಎಂದಳು ಅವಳು.

'ಹಂಗಾದ್ರೆ ಇನ್ಮೇಲೆ ಖುಷಿಯಾದಾಗ್ಲೆಲ್ಲ ಹೆದ್ರಬೇಕಾ?'

ಆಶಾ ಒಂದು ಗಂಟನ್ನು ಬೆರಳಲ್ಲಿ ಹಿಡಿದು, ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಕೈ ನಡುಗುವುದು ಪೂರ್ತಿ ನಿಂತಿಲ್ಲ.

'ಹೂಂ' ಎಂದಳು.

ನಾನು ಒಳಗೆ ಹೋಗಿ ಇಬ್ಬರಿಗೂ ನೀರು ತಂದೆ.